ಕಣ್ಣು ಕಟ್ಟಿಕೊಂಡ ದಾವಲಸಾಬ

ಭಾಳ ಹಿಂದ, ಎಷ್ಟು ಹಿಂದ ಅಂತ ಕೇಳಬ್ಯಾಡ್ರಿ, ಹಳ್ಳದ ಆಚಿ ದಂಡಿಗೆ ಒಂದು ಊರಾಗ ದಾವಲಸಾಬ ಅಂತ ಒಬ್ಬಾಂವ ಇದ್ದ. ರೇಡಿಯೊ ಇರಲಿ, ಕಂಪ್ಯೂಟರ್ ಇರಲಿ, ಅವನ ಕೈ ತಾಗಿದ್ರ ಸಾಕು, ಎದ್ದು ಕುಂದರತಿತ್ತು ಅಂತಾರ. ಸತ್ತ ಯಂತ್ರಕ್ಕ ಕಿವಿ ಹಚ್ಚಿ ಯಾತಕ್ಕ ಸತ್ತದ ಅಂತ ಹೇಳತಿದ್ದನಂತ. ನಗಬ್ಯಾಡ್ರಿ. ನಾ ಕಂಡಿಲ್ಲ, ಕಂಡಾವ್ರು ಹೇಳ್ಯಾರ.

ಆ ಊರ ವಾಚನಾಲಯದಾಗ ಮಲಕವ್ವ ಕುಂದರತಿದ್ಲು. ಊರ ಮಂದಿ ಅರ್ಜಿ, ಕಾಗದ ಎಲ್ಲಾ ಆಕಿನ ಅಲ್ಲಿನ ಕಂಪ್ಯೂಟರಿನಾಗ ಟೈಪ್ ಮಾಡಾಕಿ. ಬರಬರತ ಕಣ್ಣು ಮಂಜಾಗಿ, ಕಡೀಕ ಕಿಟಕಿ ಬೆಳಕಷ್ಟ ಕಾಣತಿತ್ತಂತ. ಆದ್ರ ಆಕಿ ಬೆರಳಿಗೆ ಕಣ್ಣಿದ್ದುವು ಅಂತಾರ. ಯಾವ ಕೀ ಒತ್ತಿದ್ರ ಕನ್ನಡ ಬರತದ, ಎಷ್ಟು ಸಲ ಒತ್ತಿದ್ರ ಪ್ರಿಂಟ್ ಆಗತದ, ಎಲ್ಲಾ ಬೆರಳಿಗೆ ಪಾಠ. ಸಾಲಿ ಮಾಸ್ತರ ಓದಿ ನೋಡಿದ್ರ ಒಂದು ಒತ್ತಕ್ಷರ ತಪ್ಪಿರತಿದ್ದಿಲ್ಲ. ಹಿಂದಿಲ್ಲ ಮುಂದಿಲ್ಲ ಆಕಿಗೆ. ಆ ಕುರ್ಚಿನ ಆಕಿ ಬದುಕು.

ಒಂದು ಸಲ ಮ್ಯಾಲಿನ ಆಫೀಸಿಂದ ಕಾಗದ ಬಂತು. ಹೊಸಾ ವಿಂಡೋಸ್ ಬಂದದ, ನಿಮ್ಮ ಮುದುಕ ಕಂಪ್ಯೂಟರ್ ಮ್ಯಾಲ ಅದು ಕುಂದರಂಗಿಲ್ಲ, ಹುಣ್ಣಿವಿ ದಿನ ಗಾಡಿ ತಂದು ಎಲ್ಲಾ ಗುಜರಿಗೆ ಒಯ್ಯತೀವಿ, ಖೋಲಿಗೆ ಬೀಗ ಹಾಕತೀವಿ ಅಂತ.

ದಾವಲಸಾಬ ಒಂದು ಪೆನ್ ಡ್ರೈವ್ ತಂದು ಚುಚ್ಚಿದನಂತ. ಅದರಾಗ ಲಿನಕ್ಸ್ ಇತ್ತು, ವಿಂಡೋಸ್ ಬದಲಿ ಕಂಪ್ಯೂಟರ್ ನಡಸೂ ಪುಕ್ಕಟೆ ಸಾಫ್ಟ್‌ವೇರ್. ಸುರು ಆಗಾಕ ಚಾ ಕುಡಿಯೂ ಹೊತ್ತು ಹಿಡೀತಿದ್ದ ಕಂಪ್ಯೂಟರ್, ನಾವು ಒಂದು ಸಲ ಕೆಮ್ಮೂದ್ರಾಗ ಎದ್ದುವು. ಬಾಗಲಾಗ ನಿಂತ ಮಂದಿ ಕೈ ಮುಗದ್ರಂತ. ಅಂವನೂ ಉಬ್ಬಿ ಹೋಗಿ, ನೋಡ್ರಿ ಅಕ್ಕಾ ಎಷ್ಟ ಚಂದ ಐತಿ ಅಂತ ಮಲಕವ್ವಗ ಅಂದನಂತ. ನೋಡ್ರಿ ಅಂತ, ಆಕಿಗೆ! ಮಲಕವ್ವ ಕುಂತು ಎಂದಿನ ಕೀ ಒತ್ತಿದ್ಲು. ಕನ್ನಡ ಬರಲಿಲ್ಲ, ಏನೇನೊ ಬಂತು. ಪ್ರಿಂಟರ್ ಹೂಂ ಅನ್ನಲಿಲ್ಲ. ಆಕಿ ಎದ್ದು, ಕುರ್ಚಿ ಸೆರಗಿಲೆ ಒರಸಿ, ಮನಿಗೆ ಹೋದ್ಲು.

ಊರು ಎರಡಾತು. ವಿಂಡೋಸ್ ಆಗಿದ್ರ ಯಾರಿಗೂ ಹೊಸದಾಗಿ ಕಲಿಸೂದ ಬೇಕಿದ್ದಿಲ್ಲ, ಪ್ರಿಂಟರೂ ಹೇಳಿದ ಮಾತು ಕೇಳತಿತ್ತು ಅಂದ್ರು ಕೆಲವರು. ಲಿನಕ್ಸಿಗೆ ಹಳೇ ಯಂತ್ರನ ಸಾಕು, ಹಗೂರ ಐತಿ, ನಾಕ ದಿನ ಕಲತ್ರಾತು ಅಂದ್ರು ಉಳಿದವರು. ಎರಡೂ ಖರೇನ, ಆದ್ರ ಎರಡರಿಂದನೂ ಮಲಕವ್ವಗ ಉಪಯೋಗ ಇಲ್ಲ ಅಂದನಂತ ದಾವಲಸಾಬ.

ಮರುದಿನ ಆಕಿ ಮನಿಗೆ ಹೋಗಿ ನೆಲದ ಮ್ಯಾಲ ಕುಂತ. "ನಾ ಯಂತ್ರ ನೋಡಿದೆ ಅಕ್ಕಾ, ನಿಮ್ಮ ಕೈ ನೋಡಲಿಲ್ಲ. ತಪ್ಪಾತು," ಅಂದ. ಬೆರಳು ಹೆಂಗ ಆಡತಾವ ತೋರಸ್ರಿ ಅಂತ ಬೇಡಿಕೊಂಡ. ಮಲಕವ್ವ ರೊಟ್ಟಿ ಬಡಿಯೂ ಹಲಗಿ ಮ್ಯಾಲ ಬೆರಳಾಡಿಸಿ ತೋರಿಸಿದ್ಲು. ಅಂವ ಅದನ್ನೆಲ್ಲಾ ಮನಸ್ಸಿನಾಗ ಬರಕೊಂಡು ವಾಚನಾಲಯಕ್ಕ ಬಂದು, ಆಕಿಗೆ ಕಾಣದ್ದು ನನಗೂ ಕಾಣಬಾರದು ಅಂತ ಕಣ್ಣಿಗೆ ಬಟ್ಟಿ ಕಟ್ಟಿಕೊಂಡು ಆಕಿ ಕುರ್ಚ್ಯಾಗ ಕುಂತ. ಒಂಬತ್ತು ದಿನ ಅಂತಾರ, ಇಪ್ಪತ್ತೊಂದು ಅನ್ನಾವ್ರೂ ಅದಾರ. ಲಿನಕ್ಸಿನ ಗುಣ ಅದ ನೋಡ್ರಿ, ಬಿಚ್ಚಿ ನಮಗ ಬೇಕಾದಂಗ ಕಟ್ಟಾಕ ಬಿಡತದ. ಒಂದೊಂದ ಕೀ ಆಕಿ ಬೆರಳಿಗೆ ಹೊಂದಿಸಿದ, ಪ್ರಿಂಟರ್ ಒಲಿಸಿದ. ಎಲ್ಲಾ ಕೂಡಿ ಬರೂತನಕ ಬಟ್ಟಿ ಮಾತ್ರ ಬಿಚ್ಚಲಿಲ್ಲ. ಆಮ್ಯಾಲ ಹೋಗಿ ಮಲಕವ್ವನ ಕರಕೊಂಡು ಬಂದ.

ಹುಣ್ಣಿವಿ ದಿನ ಗಾಡಿ ಬಂದು ನಿಂತಿತು. ಇವು ನಡ್ಯಂಗಿಲ್ಲ, ಎತ್ರಿ ಅಂದ ಗಾಡಿ ಕೂಡ ಬಂದಿದ್ದ ಆಫೀಸಿನ ಸಾಹೇಬ. ಮಲಕವ್ವ ಕುರ್ಚ್ಯಾಗ ಕುಂತ್ಲು. ಬೆರಳು ಮಳಿ ಹನಿ ಬಿದ್ದಂಗ ಬಿದ್ದುವಂತ. ಪ್ರಿಂಟರ್ ಗುರ್ ಅಂತು. ಬಂದ ಹಾಳಿ ಸಾಹೇಬನ ಕೈಗೆ ಕೊಟ್ಲು.

"ಯಂತ್ರಗಳು ಕೆಲಸ ಮಾಡುತ್ತಿವೆ. ಗಾಡಿಯನ್ನು ಖಾಲಿ ವಾಪಸು ಕಳಿಸಲಾಗಿದೆ," ಅಂತ ಬರದಿತ್ತು. ಕೆಳಗ ಸಾಹೇಬನ ಸಹಿಗೆ ಜಾಗಾನೂ ಬಿಟ್ಟಿದ್ಲು.

ಸಾಹೇಬ ಎರಡು ಸಲ ಓದಿದ. ಆಕಿ ಕಣ್ಣು ನೋಡಿದ. ಪೆನ್ ತೆಗದು ಸಹಿ ಮಾಡಿದ ಅಂತಾರ.

ಈಗ ಇಬ್ಬರೂ ಇಲ್ಲ. ಆದ್ರ ಆ ವಾಚನಾಲಯಕ್ಕ ಯಾರ ಏನ ಹೊಸಾದು ತರಲಿ, ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ತಂದಾಂವ ಮೊದಲ ಕಣ್ಣಿಗೆ ಬಟ್ಟಿ ಕಟ್ಟಿಕೊಂಡು ಮಲಕವ್ವನ ಕುರ್ಚ್ಯಾಗ ಕುಂತು ಒಂದು ಅರ್ಜಿ ಟೈಪ್ ಮಾಡಿ ತೋರಿಸಬೇಕು. ಆಗಲಿಲ್ಲಂದ್ರ ಯಾರೂ ಬೈಯಂಗಿಲ್ಲ. ಚಾ ಕುಡಿಸಿ, ಅಂವ ತಂದ ಕಂಪ್ಯೂಟರ್ ಡಬ್ಬಿ ಅವನ ತಲಿ ಮ್ಯಾಲನ ಹೊರಿಸಿ, ಹಳ್ಳ ದಾಟೂತನಕ ಕಳಿಸಿ ಬರತಾರ.