ಅಧ್ಯಕ್ಷರ ಪಟವೂ ಪುಟದ ಅಗಲವೂ

ನೇಕಾರರ ಸಂಘದ ಅಧ್ಯಕ್ಷ ಸಂಗನಬಸಪ್ಪನವರು ಸ್ಟುಡಿಯೋದಲ್ಲಿ ನಿಂತು ತೆಗೆಸಿಕೊಂಡ ಫೋಟೊವನ್ನು ಗುಮಾಸ್ತೆ ನೀಲವ್ವನ ಮುಂದಿಟ್ಟರು.

“ಸಂಘದ ವೆಬ್‌ಸೈಟ್ ತೆಗೆದ್ರ ಪುಟದ ತುಂಬ ನಾನ ಕಾಣಬೇಕು. ರುಮಾಲಿನ ತುರಾಯಿ ಕತ್ತರಿಸಿದ್ರ ಅಪಶಕುನ. ಕಾಲಾಗಿನ ಚಪ್ಪಲಿನೂ ಹೋಗಬಾರದು. ಆಚೀಚೆ ಬೆರಳಗಲ ಖಾಲಿ ಬಿಟ್ಟಿಯೋ, ನಾಳೆಯಿಂದ ಕೆಲಸಕ್ಕ ಬರಬ್ಯಾಡ!”

ನೀಲವ್ವ ದೇವರನ್ನು ನೆನೆದು ಕಂಪ್ಯೂಟರಿನ ಮುಂದೆ ಕೂತಳು. ಫೋಟೊ ಉದ್ದ, ಪುಟ ಅಗಲ. ಪುಟದ ಅಂದ-ಅಳತೆ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ‘ಕವರ್’ ಎಂದು ಬರೆದಳು. ಪುಟವೇನೋ ತುಂಬಿತು, ತುರಾಯಿ ಹಾರಿಹೋಯಿತು. ‘ಕಂಟೇನ್’ ಎಂದು ಬರೆದಳು. ಅಧ್ಯಕ್ಷರು ಇಡಿಯಾಗಿ ಬಂದರು, ಎರಡೂ ಬದಿಗೆ ಬಿಳಿ ಜಾಗ ಉಳಿಯಿತು. ಎಳೆದು ಅಗಲ ಮಾಡಿದರೆ ಅಧ್ಯಕ್ಷರು ಕುಂಬಳಕಾಯಿಯಾದರು.

ಆಗ ಅವಳ ಕಣ್ಣು ಅಧ್ಯಕ್ಷರನ್ನು ಬಿಟ್ಟು ಅವರ ಹಿಂದಕ್ಕೆ ಹೋಯಿತು. ಸ್ಟುಡಿಯೋದವನು ಮೇಲಿನಿಂದ ಇಳಿಬಿಟ್ಟು ಕಾಲಡಿಗೂ ಹಾಸಿದ್ದ ಬಟ್ಟೆ ಒಂದೇ ಸಮನೆ ಹಸಿರಾಗಿತ್ತು. ನೀಲವ್ವ ‘ಕಂಟೇನ್’ ಹಾಗೇ ಬಿಟ್ಟಳು. ಫೋಟೊವನ್ನು ನಡುವೆ ನಿಲ್ಲಿಸಿ, ಉಳಿದ ಪುಟಕ್ಕೆಲ್ಲ ಅದೇ ಹಸಿರು ಬಣ್ಣ ಕೊಟ್ಟಳು.

ಅಧ್ಯಕ್ಷರು ಕಂಪ್ಯೂಟರಿನಲ್ಲಿ ನೋಡಿದರು. ಮೊಬೈಲಿನಲ್ಲಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ತುರಾಯಿ ಇತ್ತು, ಚಪ್ಪಲಿ ಇತ್ತು, ಖಾಲಿ ಜಾಗ ಮಾತ್ರ ಎಲ್ಲೂ ಸಿಗಲಿಲ್ಲ.

“ಅಲ್ಲವಾ ತಂಗಿ, ನನ್ನ ಎಷ್ಟು ಎಳದಿ?”

“ನಿಮ್ಮನ್ನ ಮುಟ್ಟೇ ಇಲ್ರೀ ಸಾಹೇಬ್ರ. ಹಿಂದಿನ ಬಟ್ಟಿ ಅಷ್ಟ ನೇಯ್ದು ಅಗಲ ಮಾಡೀನ್ರಿ.”

ನೇಕಾರರ ಅಧ್ಯಕ್ಷರು ಮೊಬೈಲಿನ ಹಸಿರನ್ನು ಬಟ್ಟೆ ಮುಟ್ಟಿ ನೋಡುವಂತೆ ಬೆರಳಿನಿಂದ ಸವರಿದರು. ಆಮೇಲೆ ದನಿ ಇಳಿಸಿ ಹೇಳಿದರು:

“ನಾಳೆ ಲಗೂನ ಬಾರವ್ವ. ನಮ್ಮ ಮನಿಯವರದೂ ಒಂದು ಫೋಟೊ ಐತಿ. ಅವರ ಹಿಂದ ಬಟ್ಟಿ ಇಲ್ಲ, ಎಮ್ಮಿ ನಿಂತೈತಿ.”