ಅಕ್ಕನ ಊರಿನ ಹೊತ್ತು

"ಅಜ್ಜಾರ, ಮುಂಬಯಿಯಿಂದ ಲಂಡನ್ನಿಗೆ ವಿಮಾನದಾಗ ಹತ್ತು ತಾಸಿನ ಹಾದಿ ಅಂತಾರ. ಟಿಕೀಟು ನೋಡಿದರ ಮಧ್ಯಾಹ್ನ ಬಿಟ್ಟು ಅವತ್ತ ಸಂಜೀಕ ಮುಟ್ಟತದ. ಐದಾರು ತಾಸು ಅಷ್ಟ. ಯಾವುದು ಖರೆ?" ಎಂದು ಗುರುಶಾಂತನೆಂಬ ಶಿಷ್ಯ ಮಠದ ಸ್ವಾಮಿಗಳನ್ನು ಕೇಳಿದ.

ಅವನ ಅಣ್ಣ ಲಂಡನ್ನಿನಲ್ಲಿದ್ದ. ಆಸ್ತಿ ಪಾಲಾದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಈಗ ಅಣ್ಣನೇ ಕರೆದಿದ್ದ. ಹೋಗುವುದೆಂದು ನಿಶ್ಚಯಿಸಿದ ಮೇಲೂ ಗುರುಶಾಂತನ ತಲೆ ಗೊಂದಲದ ಗೂಡಾಗಿತ್ತು. ಆ ಗೊಂದಲವನ್ನೆಲ್ಲ ಪಾಪ, ಅವನು ಟಿಕೀಟಿನ ಮೇಲೆ ಹೊರಿಸಿದ್ದ.

ಸ್ವಾಮಿಗಳು ಟಿಕೀಟಿನತ್ತ ನೋಡಲೂ ಇಲ್ಲ. ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಜೈನ. ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನದವನು. ಅವನ ಅಕ್ಕನೂ ಹಾಗೆಯೇ. ಹಳೆಯದೊಂದು ಮಾತಿಗೆ ಮುನಿಸಿಕೊಂಡು, ಅವಳ ಮನೆಯಲ್ಲಿ ಉಣ್ಣುವುದಿಲ್ಲ ಎಂದು ಎದ್ದು ಬಂದಿದ್ದ. ಅಕ್ಕ ಲಂಡನ್ನಿಗೆ ಹೋಗಿ ನೆಲೆಸಿದಳು. ಕಾಯಿಲೆ ಬಿದ್ದಾಗ ಹೇಳಿಕಳಿಸಿದಳು: ಒಂದು ಸಲ ಬಂದು ಉಂಡು ಹೋಗು, ನನಗೆ ಅಷ್ಟು ಸಾಕು.

ಬೇಸಿಗೆಯ ಒಂದು ಮಧ್ಯಾಹ್ನ ವ್ಯಾಪಾರಿ ವಿಮಾನ ಹತ್ತಿದ. ಅದು ಪಶ್ಚಿಮಕ್ಕೆ ಹಾರಿತು, ಸೂರ್ಯನೂ ಪಶ್ಚಿಮಕ್ಕೆ ಸರಿದ. ಕೈಗಡಿಯಾರದಲ್ಲಿ ರಾತ್ರಿಯಾಯಿತು, ಕಿಟಕಿಯಲ್ಲಿ ಬಿಸಿಲು ಹಾಗೇ ಇತ್ತು. ಯಾವುದನ್ನು ನಂಬುವುದೆಂದು ತಿಳಿಯದೆ ವ್ಯಾಪಾರಿ ಕೊನೆಗೆ ಗಡಿಯಾರವನ್ನೇ ನಂಬಿದ, ಕೊಟ್ಟ ಊಟವನ್ನು ಹಿಂದಕ್ಕೆ ಕಳಿಸಿದ.

ಅಕ್ಕ ಬೆಳಗಿನಿಂದ ಬಾಯಿಗೆ ಏನೂ ಹಾಕದೆ ಕಾದಿದ್ದಳು. ಎರಡು ತಟ್ಟೆ ಇಟ್ಟು ಕರೆದಳು.

"ನಮ್ಮ ಊರಾಗ ಈಗ ಸರಿರಾತ್ರಿ ಅಕ್ಕಾ. ಉಂಡರ ನೇಮ ಕೆಡತದ."

"ಕೈಗಡಿಯಾರ ನೋಡಬ್ಯಾಡೋ, ಹೊರಗ ನೋಡು. ಇಲ್ಲಿ ಹೊತ್ತು ಇನ್ನೂ ಅದ."

ಅವನು ಹೊರಗೆ ನೋಡಿದ. ಬಿಸಿಲಿತ್ತು. ಕೈ ನೋಡಿಕೊಂಡ. ನಡುರಾತ್ರಿ. ತನ್ನನ್ನು ತಡೆಯುತ್ತಿರುವುದು ನೇಮವೋ ಹಳೆಯ ಸಿಟ್ಟೋ ಅವನಿಗೇ ಗೊತ್ತಾಗಲಿಲ್ಲ. ಹಸಿವಾಗಿತ್ತು, ಅಕ್ಕನ ಬತ್ತಿದ ಮುಖ ನೋಡಿ ಸಂಕಟವೂ ಆಯಿತು. ಆದರೂ ಕಾಲು ಮುಂದೆ ಬರಲಿಲ್ಲ. ಹೀಗೆ ಮೀನಮೇಷ ಎಣಿಸುತ್ತ ನಿಂತಿದ್ದಾಗಲೇ ಅಲ್ಲಿಯ ಸೂರ್ಯನೂ ಮುಳುಗಿದ. ಈಗ ಅಕ್ಕನೂ ಉಣ್ಣುವಂತಿರಲಿಲ್ಲ. ಅವಳು ಎರಡೂ ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದಳು.

ಕೆಲಸವಿದೆಯೆಂದು ವ್ಯಾಪಾರಿ ಹಿಂದಿರುಗುವ ಟಿಕೀಟನ್ನು ಮೊದಲೇ ತೆಗೆಸಿದ್ದ. ಮರುದಿನ ಹೊತ್ತು ಹುಟ್ಟುವ ಮುಂಚೆಯೇ ಅವನು ವಿಮಾನ ನಿಲ್ದಾಣದಲ್ಲಿದ್ದ. ಅಕ್ಕ ಮತ್ತೆ ಕರೆಯಲಿಲ್ಲ. ಕರೆಯುವಷ್ಟು ದಿನ ಅವಳು ಉಳಿಯಲೂ ಇಲ್ಲ.

ಕತೆ ಮುಗಿಯಿತು. ಗುರುಶಾಂತನ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಾಯಿತು. ಟಿಕೀಟನ್ನು ಕೈಯಲ್ಲಿ ತಿರುವುತ್ತ ಕೇಳಿದ: "ಹಂಗಾದರ ಅವ ಅಕ್ಕನ ಮನಿ ಮುಟ್ಟಲಿಕ್ಕೆ ಹತ್ತು ತಾಸು ಹಿಡೀತೋ, ಐದೋ?"

ಸ್ವಾಮಿಗಳು ಹೇಳಿದರು: "ಅವ ಇನ್ನೂ ಹೊರಟೇ ಇಲ್ಲ, ತಮ್ಮಾ."