ಮೆಟ್ಟಿಲು ತೆಗೆದ ಮನೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮನೆಯವರ ನೆರವು ಪಡೆದು ಒಬ್ಬ ಗೆದ್ದರೆ, ಆ ಗೆಲುವನ್ನು ಅವನದು ಎನ್ನಬಹುದೇ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಮದುವೆಗಳಲ್ಲಿ ಫೋಟೋ ತೆಗೆಯುವುದು ಅವನ ಕಸುಬು. ಒಳ್ಳೆಯ ಚಿತ್ರ ಸಿಗುವುದಾದರೆ ಮರ ಹತ್ತುತ್ತಿದ್ದ, ನೆಲದ ಮೇಲೆ ಮಲಗುತ್ತಿದ್ದ. ಅವನು ತೆಗೆದ ಫೋಟೋ ನೋಡಿ ಜನ ಹೊಗಳಿದರೆ, "ನಾನು ತೆಗೆದದ್ದಲ್ಲವೇ" ಎನ್ನುತ್ತಿದ್ದ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಒಂದು ದಿನ ದಿಬ್ಬಣದ ಫೋಟೋ ತೆಗೆಯಲೆಂದು ಗೋಡೆ ಹತ್ತಿದವನು ಕಾಲು ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಕಾಲಿಗೆ ಮೊದಲಿನ ಬಲ ಬರಲಿಲ್ಲ. ಊರುಗೋಲು ಹಿಡಿದು ನಾಲ್ಕು ಹೆಜ್ಜೆ ನಡೆದರೆ ಬೆವರುತ್ತಿದ್ದ. ಮದುವೆಯ ಮನೆಯವರು ಬೇರೆಯವರನ್ನು ಕರೆಯತೊಡಗಿದರು. ದಿಬ್ಬಣಗಳು ಅವನ ಬೀದಿಯಲ್ಲೇ ಹಾದು ಹೋಗುತ್ತಿದ್ದವು. ಓಲಗದ ಸದ್ದು ಕೇಳಿದ ಕೂಡಲೇ ಅವನು ಕಿಟಕಿ ಮುಚ್ಚುತ್ತಿದ್ದ.

ಕೊನೆಗೆ ಅವನಿಗೊಂದು ಯೋಚನೆ ಬಂತು. ಹೊರಗೆ ಹೋಗಲಾಗದಿದ್ದರೆ ಬೇಡ, ಮನೆಯ ಪಡಸಾಲೆಯನ್ನೇ ಸ್ಟುಡಿಯೋ ಮಾಡಿದರಾಯಿತು. ಹೆಂಡತಿ ಕೈಜೋಡಿಸಲು ಬಂದಳು. "ನನ್ನ ಕಾಲು ಹೋಗಿದೆ, ಕೈ ಹೋಗಿಲ್ಲ. ನಾನೇ ಮಾಡುತ್ತೇನೆ" ಎಂದ.

ಊರುಗೋಲನ್ನು ಕಂಕುಳಿಗೆ ಆನಿಸಿ, ಸುತ್ತಿಗೆ ಹಿಡಿದು ಗೋಡೆಗೆ ಮೊಳೆ ಹೊಡೆದ. ಹಿಂದಿನ ಪರದೆಯನ್ನು ತಾನೇ ಎತ್ತಿ ಕಟ್ಟಿದ. ಕಟ್ಟಿ ಮುಗಿಸುವಷ್ಟರಲ್ಲಿ ಮೊಳೆ ಕಿತ್ತುಬಂದು ಪರದೆಯ ಕೋಲು ಉರುಳಿತು. ಅವನ ಬಳಿ ಉಳಿದಿದ್ದ ಒಂದೇ ಒಂದು ಲೈಟು ಒಡೆಯಿತು. ಅವನು ಆ ಚೂರುಗಳ ನಡುವೆ ಕುಸಿದು ಕುಳಿತ.

ಹೆಂಡತಿ ಪೊರಕೆ ತಂದು ಗಾಜು ಗುಡಿಸಿದಳು. ಆಮೇಲೆ ಕೇಳಿದಳು: "ಮದುವೆಗಳಲ್ಲಿ ನಿಮಗೆ ಲೈಟು ಹಿಡಿಯಲು ಒಬ್ಬ ಇರುತ್ತಿದ್ದನಲ್ಲ. ಅವನು ಲೈಟು ಹಿಡಿದ ಅಂತ ಫೋಟೋ ಅವನದಾಯಿತೇ?"

ಮರುದಿನ ಬೆಳಿಗ್ಗೆ ಅವನು ತಾನೇ ಅಕ್ಕನಿಗೂ ಭಾವನಿಗೂ ನೆರವಿಗೆ ಬನ್ನಿ ಎಂದು ಹೇಳಿ ಕಳುಹಿಸಿದ. ಆ ಒಂದು ಮಾತು ಹೇಳಿ ಕಳುಹಿಸುವುದು ಅವನಿಗೆ ಗೋಡೆ ಹತ್ತುವುದಕ್ಕಿಂತ ಕಷ್ಟವಾಗಿತ್ತು.

ಅಕ್ಕ ಹೊಲಿಗೆ ಬಲ್ಲವಳು. ಬಿಳಿ ಪಂಚೆಗಳನ್ನು ಒಂದಕ್ಕೊಂದು ಜೋಡಿಸಿ ಕಿಟಕಿಗೆ ಅಗಲವಾದ ಪರದೆ ಹೊಲಿದಳು. ಬಿಸಿಲು ಅದರಲ್ಲಿ ಹಾದು ಮೆತ್ತಗಾಗಿ ಒಳಗೆ ಬಂತು. ಬೆಳಕು ಮುಖಕ್ಕೆ ಹೇಗೆ ಬೀಳುತ್ತದೆಂದು ಪರೀಕ್ಷಿಸಲು ಅವನ ಪುಟ್ಟ ಮಗಳು ಪರದೆಯ ಮುಂದೆ ಕುಳಿತು, ಅಪ್ಪ ಹೇಳಿದಂತೆ ಮುಖ ತಿರುಗಿಸಿ ತಿರುಗಿಸಿ, ಕುಳಿತಲ್ಲೇ ನಿದ್ದೆ ಹೋದಳು. ಹೆಂಡತಿ ಒಂದು ಹಲಗೆಗೆ ಗಾಲಿ ಹಾಕಿಸಿ ತಂದಳು. ಅದರ ಮೇಲೆ ಕುಳಿತು ಅವನು ಕ್ಯಾಮೆರಾದೊಂದಿಗೆ ಹಿಂದೆ ಮುಂದೆ ಸರಿಯಬಹುದಾಗಿತ್ತು.

ಭಾವ ಗಾರೆ ಕೆಲಸದವನು. ಕಿಟಕಿ ದೊಡ್ಡದು ಮಾಡಿದ. ಅಷ್ಟಕ್ಕೇ ನಿಲ್ಲದೆ, ಬಾಗಿಲ ಮುಂದಿನ ಮೆಟ್ಟಿಲುಗಳನ್ನು ಒಡೆದು ಅಲ್ಲಿ ಇಳಿಜಾರು ಕಟ್ಟತೊಡಗಿದ. ಛಾಯಾಗ್ರಾಹಕನಿಗೆ ಸಿಟ್ಟು ಬಂತು.

"ಏನು ಭಾವ, ಇದು ಕುಂಟನ ಮನೆ ಎಂದು ಊರಿಗೆಲ್ಲ ಸಾರಬೇಕೆಂದಿದ್ದೀರಾ?"

"ನೀನು ಮೊದಲು ಬೀಳದೆ ಒಳಗೆ ಬಾ. ಊರಿನ ಮಾತು ಆಮೇಲೆ ನೋಡೋಣ" ಎಂದು ಭಾವ ತಲೆ ಎತ್ತದೆ ಸಿಮೆಂಟು ತೀಡುತ್ತ ಕುಳಿತ.

ಸ್ಟುಡಿಯೋ ಸಿದ್ಧವಾಯಿತು. ಆದರೆ ಯಾರೂ ಬರಲಿಲ್ಲ. ಪೇಟೆಯಲ್ಲಿ ಮಹಡಿಯ ಮೇಲೊಂದು ಹೊಸ ಸ್ಟುಡಿಯೋ ಇತ್ತು. ಜನ ಅಲ್ಲಿಗೇ ಹೋಗುತ್ತಿದ್ದರು. ಬೀದಿಯಲ್ಲಿ ಯಾರ ಹೆಜ್ಜೆಯ ಸದ್ದಾದರೂ ಅವನು ಬಾಗಿಲ ಕಡೆ ನೋಡುತ್ತಿದ್ದ. ಹೆಜ್ಜೆಗಳು ಮುಂದೆ ಹೋಗುತ್ತಿದ್ದವು. ಭಾವನ ಇಳಿಜಾರನ್ನು ನೋಡಿ ಅವನು ಹಲ್ಲು ಕಚ್ಚುತ್ತಿದ್ದ.

ಹೀಗಿರುವಾಗ ಒಬ್ಬ ಹೆಂಗಸು ತನ್ನ ಮುದಿ ತಾಯಿಯನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಳು. "ಪೇಟೆಯಲ್ಲಿ ಮಹಡಿ ಹತ್ತಬೇಕು. ನಿಮ್ಮಲ್ಲಿ ಮೆಟ್ಟಿಲೇ ಇಲ್ಲವಂತಲ್ಲ" ಎಂದಳು. ಕುರ್ಚಿ ಎಲ್ಲೂ ತಡೆಯದೆ ನೇರವಾಗಿ ಪರದೆಯ ಮುಂದೆ ಬಂದು ನಿಂತಿತು.

ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ನಿಲ್ಲಲಾಗದವಳ ಫೋಟೋ ಏನು ಚೆನ್ನ" ಎಂದಳು.

ಛಾಯಾಗ್ರಾಹಕ ಗಾಲಿ ಹಲಗೆಯ ಮೇಲೆ ಸರಿಯುತ್ತ ಅವಳ ಹತ್ತಿರ ಬಂದ. "ನನಗೂ ನಿಲ್ಲಲಾಗದು ಅಜ್ಜಿ. ಇಬ್ಬರೂ ಕೂತೇ ಕೆಲಸ ಮುಗಿಸೋಣ" ಎಂದ.

ಅಜ್ಜಿ ನಕ್ಕುಬಿಟ್ಟಳು. ಅವನು ಆ ನಗುವನ್ನು ಕೈತಪ್ಪಲು ಬಿಡದೆ ಫೋಟೋ ತೆಗೆದ.

ಆ ನಗುವಿನ ಫೋಟೋ ಮನೆಯಿಂದ ಮನೆಗೆ ಹೋಯಿತು. ವರ್ಷಗಳಿಂದ ಒಂದು ಫೋಟೋಗೂ ನಿಲ್ಲದ ಮುದುಕರು ಬಂದರು. ತುಂಬು ಬಸುರಿಯರು ಬಂದರು. ಕಾಲಿಲ್ಲದವರು ಬಂದರು. ಅವರ ಜೊತೆಗೆ ಕಾಲಿದ್ದವರೂ ಬಂದರು, ಏಕೆಂದರೆ ಅಜ್ಜನನ್ನು ಬಿಟ್ಟು ಯಾವ ಮನೆಯವರೂ ಫೋಟೋ ತೆಗೆಸಿಕೊಳ್ಳಲು ಒಪ್ಪಲಿಲ್ಲ.

ಒಂದು ಮಧ್ಯಾಹ್ನ ಬೀದಿಯಲ್ಲಿ ಓಲಗ ಕೇಳಿಸಿತು. ಈ ಬಾರಿ ದಿಬ್ಬಣ ಮುಂದೆ ಹೋಗಲಿಲ್ಲ. ಅವನ ಬಾಗಿಲಲ್ಲೇ ನಿಂತಿತು. ಮದುಮಗನ ಅಜ್ಜಿಗೆ ನಡೆಯಲಾಗದು, ಅವಳಿಲ್ಲದೆ ಫೋಟೋ ಬೇಡವೆಂದು ಮದುಮಗ ಹಟ ಹಿಡಿದಿದ್ದ. ಇಡೀ ಮದುವೆಯೇ ಇಳಿಜಾರು ಹತ್ತಿ ಒಳಗೆ ಬಂತು. ಪಡಸಾಲೆ ತುಂಬಿ ಜನ ಬೀದಿಯವರೆಗೆ ನಿಂತರು. ಭಾವ ಹೊಸದಾಗಿ ಕೊಂಡ ಲೈಟು ಹಿಡಿದ. ಅಕ್ಕ ಮದುಮಗಳ ನೆರಿಗೆ ಸರಿಮಾಡಿದಳು. ಹೆಂಡತಿ ಎಲ್ಲರಿಗೂ ಪಾನಕ ಕೊಟ್ಟಳು. ಮಗಳು ಕ್ಯಾಮೆರಾದ ಪಕ್ಕದಲ್ಲಿ ಕುಣಿದು ಎಲ್ಲರನ್ನೂ ಒಂದೇ ಕಡೆ ನೋಡುವಂತೆ ಮಾಡಿದಳು. ಅವನು ಹಲಗೆಯ ಮೇಲೆ ಕುಳಿತು, ಗೋಡೆ ಹತ್ತಿ ತೆಗೆದಾಗಲೂ ಸಿಗದಂಥ ಫೋಟೋ ತೆಗೆದ. ಅವನ ಕಣ್ಣು ತುಂಬಿತ್ತು.

ದಿಬ್ಬಣದ ಹಿರಿಯನೊಬ್ಬ ಸುತ್ತ ನೋಡಿ, "ಎಂಥ ಸ್ಟುಡಿಯೋ ಕಟ್ಟಿದ್ದೀಯಪ್ಪ!" ಎಂದ.

"ಕಟ್ಟಿದವರು ನಮ್ಮ ಮನೆಯವರು" ಎಂದು ಅವನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಹಾಗಾದರೆ ಅವನೇ ಒಪ್ಪಿಕೊಂಡನಲ್ಲ, ಗುರುಗಳೇ. ಗೆಲುವು ಮನೆಯವರದು, ಅವನದಲ್ಲ."

ಗುರುಗಳು ಕೇಳಿದರು: "ನಿನ್ನ ತಾಯಿಯ ಬೆರಳು ಹಿಡಿದು ನೀನು ನಡೆಯಲು ಕಲಿತೆ, ಈಗ ನಡೆಯುತ್ತಿರುವುದು ಯಾರ ಕಾಲು?"